ಬೆಳಗಿನ ಜಾವದ ಜೊಂಪು: ಪಾಳಿ ಕೆಲಸ ಮತ್ತು ನಿದ್ದೆಯ ಲೆಕ್ಕ

ಬೆಳಿಗ್ಗೆ 6ಕ್ಕೆ ಎದ್ದ ಚಾಲಕರೊಬ್ಬರು ಹಗಲೆಲ್ಲ ಮನೆಯ ಕೆಲಸ ನೋಡಿಕೊಂಡು ರಾತ್ರಿ 11ಕ್ಕೆ ಗಾಡಿ ಹತ್ತುತ್ತಾರೆ ಎಂದುಕೊಳ್ಳಿ. ಒಂದು ಹನಿಯೂ ಕುಡಿದಿಲ್ಲ. ದಾರಿಯಲ್ಲಿ ಪೊಲೀಸರು ಊದಿಸಿದರೆ ಯಂತ್ರ ಸೊನ್ನೆಯನ್ನೇ ತೋರಿಸುತ್ತದೆ. ಆದರೆ ಅಷ್ಟು ಹೊತ್ತಿಗೆ ಅವರು ಎದ್ದು 17 ಗಂಟೆಯಾಗಿದೆ. ಆಸ್ಟ್ರೇಲಿಯಾದ ಡ್ರೂ ಡಾಸನ್ ಮತ್ತು ಕ್ಯಾಥರಿನ್ ರೀಡ್ 1997ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಒಂದು ಪ್ರಯೋಗದ ಫಲಿತಾಂಶ ಪ್ರಕಟಿಸಿದರು. 17 ಗಂಟೆ ಎಚ್ಚರವಿದ್ದವರ ಕೈ-ಕಣ್ಣಿನ ಹಿಡಿತ, ರಕ್ತದಲ್ಲಿ ಶೇ 0.05ರಷ್ಟು ಮದ್ಯವಿರುವವರ ಮಟ್ಟಕ್ಕೆ ಇಳಿದಿತ್ತು. 24 ಗಂಟೆಯಾದಾಗ ಅದು ಶೇ 0.10ಕ್ಕೆ ಸಮನಾಯಿತು. ನಮ್ಮ ಮೋಟಾರು ವಾಹನ ಕಾಯ್ದೆಯ 185ನೇ ಸೆಕ್ಷನ್ ಚಾಲಕರಿಗೆ ಇಟ್ಟಿರುವ ಮಿತಿ 100 ಮಿಲಿಲೀಟರ್ ರಕ್ತಕ್ಕೆ 30 ಮಿಲಿಗ್ರಾಂ, ಅಂದರೆ ಶೇ 0.03.

ಕುಡಿದವರನ್ನು ಹಿಡಿಯಲು ಯಂತ್ರವಿದೆ. ನಿದ್ದೆಗೆಟ್ಟವರಿಗೆ ಅಂಥದ್ದು ಯಾವುದೂ ರಸ್ತೆಯಲ್ಲಿಲ್ಲ. ಅದಕ್ಕಿಂತ ದೊಡ್ಡ ತೊಂದರೆ ಎಂದರೆ, ಎಷ್ಟು ನಿದ್ದೆಗೆಟ್ಟಿದ್ದೇನೆ ಎಂಬುದು ಸ್ವತಃ ಆ ಮನುಷ್ಯನಿಗೇ ತಿಳಿಯುವುದಿಲ್ಲ. ಆದ್ದರಿಂದಲೇ ನಿದ್ದೆಯನ್ನು ಒಬ್ಬೊಬ್ಬರ ಶಿಸ್ತಿಗೆ, ಗಟ್ಟಿತನಕ್ಕೆ ಬಿಟ್ಟುಬಿಡುವುದು ಅಪಾಯ ಎನ್ನುತ್ತೇನೆ. ಅದನ್ನು ಕೆಲಸ ಹಂಚುವವರು ಮೊದಲೇ ಲೆಕ್ಕ ಹಾಕಿ ಪಾಳಿಪಟ್ಟಿಯಲ್ಲಿ ಬರೆದಿಡಬೇಕು.

ಇದು ಅರ್ಥವಾಗಲು ನಿದ್ದೆ ಹೇಗೆ ಬರುತ್ತದೆ ಎಂಬುದನ್ನು ಸ್ವಲ್ಪ ನೋಡಬೇಕು. ಮೈಯೊಳಗೆ ಎರಡು ವ್ಯವಸ್ಥೆಗಳಿವೆ. 1982ರಲ್ಲಿ ಅಲೆಕ್ಸಾಂಡರ್ ಬೋರ್ಬೆಲಿ ಇವೆರಡನ್ನು ಬಿಡಿಸಿ ತೋರಿಸಿದರು, ಇವತ್ತಿಗೂ ನಿದ್ರಾತಜ್ಞರು ಅದೇ ಚೌಕಟ್ಟಿನಲ್ಲಿ ಯೋಚಿಸುತ್ತಾರೆ. ಮೊದಲನೆಯದು ಎಚ್ಚರದ ಹೊರೆ. ಎದ್ದ ಗಳಿಗೆಯಿಂದ ಮೆದುಳಿನಲ್ಲಿ ಅಡೆನೋಸಿನ್ ಎಂಬ ವಸ್ತು ಸೇರುತ್ತಾ ಹೋಗುತ್ತದೆ, ಅದು ಹೆಚ್ಚಿದಷ್ಟೂ ಕಣ್ಣು ಎಳೆಯುತ್ತದೆ. ನಿದ್ದೆ ಮಾಡಿದಾಗ ಮಾತ್ರ ಅದು ಕರಗುತ್ತದೆ. ಕಾಫಿ ಮಾಡುವುದು ಇಷ್ಟೇ: ಅಡೆನೋಸಿನ್ ಹೋಗಿ ಕೂರಬೇಕಾದ ಜಾಗವನ್ನು ಕೆಫೀನ್ ಹಿಡಿದುಕೊಳ್ಳುತ್ತದೆ. ಹೊರೆ ಇದ್ದಲ್ಲೇ ಇರುತ್ತದೆ, ಮೆದುಳಿಗೆ ಅದರ ಸುದ್ದಿ ಮುಟ್ಟುವುದಿಲ್ಲ.

ಎರಡನೆಯದು ಮೈಯ ಗಡಿಯಾರ. ಎರಡೂ ಕಣ್ಣಿನ ನರಗಳು ಒಂದನ್ನೊಂದು ದಾಟುವ ಜಾಗದ ಮೇಲೆಯೇ ಸುಮಾರು 20 ಸಾವಿರ ನರಕೋಶಗಳ ಒಂದು ಪುಟ್ಟ ಗುಂಪಿದೆ. ಹೊರಗೆ ಬೆಳಕಿರಲಿ ಇಲ್ಲದಿರಲಿ, ಅದು ತನ್ನ ಪಾಡಿಗೆ ದಿನದ ಲಯವನ್ನು ನಡೆಸುತ್ತಿರುತ್ತದೆ. ಜೀವಕೋಶದ ಮಟ್ಟದಲ್ಲಿ ಈ ಲಯ ಹೇಗೆ ಹುಟ್ಟುತ್ತದೆ ಎಂದು ತೋರಿಸಿದ್ದಕ್ಕೇ ಜೆಫ್ರಿ ಹಾಲ್, ಮೈಕೆಲ್ ರಾಸ್‌ಬ್ಯಾಷ್, ಮೈಕೆಲ್ ಯಂಗ್ ಅವರಿಗೆ 2017ರ ವೈದ್ಯಕೀಯ ನೊಬೆಲ್ ಬಂದದ್ದು. ಮನುಷ್ಯರಲ್ಲಿ ಈ ಗಡಿಯಾರದ ಒಂದು ಸುತ್ತು ಸರಾಸರಿ 24 ಗಂಟೆಗಿಂತ ತುಸು ಹೆಚ್ಚು. ದಿನಾ ಬೆಳಗಿನ ಬಿಸಿಲು ಕಣ್ಣಿಗೆ ಬಿದ್ದು ಅದನ್ನು ಸರಿಪಡಿಸುತ್ತದೆ. ಆ ‘ತುಸು ಹೆಚ್ಚು’ ಎಂಬುದನ್ನು ನೆನಪಿಟ್ಟುಕೊಳ್ಳಿ, ಪಾಳಿ ಬದಲಿಸುವ ಮಾತು ಬಂದಾಗ ಬೇಕಾಗುತ್ತದೆ.

ಹಗಲಿನಲ್ಲಿ ಈ ಎರಡೂ ಎದುರುಬದುರು ಎಳೆಯುತ್ತವೆ. ಎಚ್ಚರದ ಹೊರೆ ಏರುತ್ತಿದ್ದರೂ ಗಡಿಯಾರ ನಮ್ಮನ್ನು ಎಬ್ಬಿಸಿ ಇಡುತ್ತದೆ. ಮಧ್ಯಾಹ್ನ 2ರಿಂದ 4ರ ನಡುವೆ ಅದರ ಹಿಡಿತ ಸ್ವಲ್ಪ ಸಡಿಲವಾಗುತ್ತದೆ. ಊಟದ ಮೇಲಿನ ತೂಕಡಿಕೆ ಎಂದು ನಾವು ಅನ್ನ-ಸಾರಿನ ಮೇಲೆ ಹಾಕುವ ಅಪವಾದ ಪೂರ್ತಿ ನಿಜವಲ್ಲ. ಊಟ ಬಿಟ್ಟವರಿಗೂ ಆ ಹೊತ್ತಿಗೆ ಜೊಂಪು ಹತ್ತುತ್ತದೆ. ರಾತ್ರಿಯಾದ ಮೇಲೆ ಎರಡೂ ಒಂದೇ ದಿಕ್ಕಿಗೆ ಎಳೆಯುತ್ತವೆ. ಬೆಳಗಿನ ಜಾವ 3ರಿಂದ 5ರ ಸುಮಾರಿಗೆ ಮೈಯ ಶಾಖ ದಿನದಲ್ಲೇ ಅತಿ ಕಡಿಮೆಗೆ ಇಳಿಯುತ್ತದೆ, ಎಚ್ಚರವೂ ಅಷ್ಟೇ. ರಾತ್ರಿ ಪಾಳಿಯಲ್ಲಿ ಆ ಹೊತ್ತಿಗೆ ಕುಳಿತಿರುವ ನರ್ಸ್‌ಗೆ ಕಣ್ಣು ಮುಚ್ಚಿಹೋಗುವುದು ಕೆಲಸದ ಮೇಲಿನ ಅಸಡ್ಡೆಯಿಂದಲ್ಲ. ಅವರ ಮೈ ತನ್ನ ಕೆಲಸವನ್ನು ತಾನು ಸರಿಯಾಗಿಯೇ ಮಾಡುತ್ತಿದೆ.

ಆ ಹೊತ್ತಿನ ಬೆಲೆ ಏನೆಂಬುದನ್ನು ಕರಾವಳಿಯವರು ಮರೆಯಲಾರರು. 2010ರ ಮೇ 22ರಂದು ಬೆಳಿಗ್ಗೆ 6 ಗಂಟೆ ದಾಟಿದ ಸ್ವಲ್ಪ ಹೊತ್ತಿಗೆ ದುಬೈನಿಂದ ಬಂದ ಏರ್ ಇಂಡಿಯಾ ಎಕ್ಸ್‌ಪ್ರೆಸ್ ವಿಮಾನ ಮಂಗಳೂರಿನ ಬಜ್ಪೆ ನಿಲ್ದಾಣದ ರನ್‌ವೇ ದಾಟಿ ಕಣಿವೆಗೆ ಉರುಳಿತು. ವಿಮಾನದಲ್ಲಿದ್ದ 166 ಮಂದಿಯಲ್ಲಿ 158 ಮಂದಿ ತೀರಿಕೊಂಡರು, 8 ಮಂದಿ ಉಳಿದರು. ಏರ್ ಮಾರ್ಷಲ್ ಬಿ.ಎನ್. ಗೋಖಲೆ ಅವರ ನೇತೃತ್ವದ ತನಿಖಾ ನ್ಯಾಯಾಲಯ, ಸರಿಯಾದ ಎತ್ತರ-ವೇಗ ಇಲ್ಲದಿದ್ದರೂ ಕ್ಯಾಪ್ಟನ್ ಇಳಿಯುವ ಪ್ರಯತ್ನವನ್ನು ಕೈಬಿಡದಿದ್ದದ್ದೇ ನೇರ ಕಾರಣ ಎಂದಿತು. ಮತ್ತೆ ಮೇಲೇರೋಣ ಎಂದು ಸಹಪೈಲಟ್ 3 ಬಾರಿ ಹೇಳಿದ್ದರು. ಕಾಕ್‌ಪಿಟ್ ಧ್ವನಿಮುದ್ರಣ 2 ಗಂಟೆ 5 ನಿಮಿಷದ್ದು. ಅದರ ಮೊದಲ 1 ಗಂಟೆ 40 ನಿಮಿಷ ಇಬ್ಬರ ನಡುವೆ ಮಾತೇ ಇಲ್ಲ, ಕೇಳಿಸುವುದು ಗೊರಕೆ. ಹೊರಡುವ ಮುನ್ನ ಕ್ಯಾಪ್ಟನ್‌ಗೆ ಸಾಕಷ್ಟು ವಿಶ್ರಾಂತಿಯ ಅವಕಾಶ ಇತ್ತು ಎಂದೂ ವರದಿ ಹೇಳುತ್ತದೆ. ಹಾಗಿದ್ದೂ ದೀರ್ಘ ನಿದ್ದೆಯಿಂದ ಎದ್ದು ಹೆಚ್ಚು ಹೊತ್ತಾಗದೆ ಇಳಿಸುವ ಕೆಲಸಕ್ಕೆ ಕೈಹಾಕಿದ್ದರಿಂದ ನಿರ್ಧಾರಶಕ್ತಿ ಕುಂದಿರಬಹುದು, ಮೈಯ ಗಡಿಯಾರ ತಳಮಟ್ಟದಲ್ಲಿದ್ದ ಹೊತ್ತು ಅದನ್ನು ಇನ್ನಷ್ಟು ಹೆಚ್ಚಿಸಿರಬಹುದು ಎಂದು ಅದು ಗುರುತಿಸಿತು.

ಗಾಢನಿದ್ದೆಯಿಂದ ಎದ್ದ ಮೇಲೆ ಮೆದುಳು ಪೂರ್ತಿ ತೆರೆದುಕೊಳ್ಳಲು ಅರ್ಧ ಗಂಟೆ, ಕೆಲವೊಮ್ಮೆ ಅದಕ್ಕಿಂತಲೂ ಹೆಚ್ಚು ಹಿಡಿಯುತ್ತದೆ. ಆ ಮಂಪರಿನಲ್ಲಿ ಕಣ್ಣು ತೆರೆದಿರುತ್ತದೆ, ಮಾತೂ ಬರುತ್ತದೆ, ಕೈಗೆ ರೂಢಿಯಾದ ಕೆಲಸವೂ ನಡೆಯುತ್ತದೆ. ತೂಗಿ ನೋಡಿ ನಿರ್ಧರಿಸುವ ಶಕ್ತಿ ಮಾತ್ರ ಕಡೆಗೆ ಬರುತ್ತದೆ. ಹೆರಿಗೆಗೆಂದು ನಡುರಾತ್ರಿ ಎಬ್ಬಿಸಲ್ಪಡುವ ಡಾಕ್ಟರು, ಕರೆ ಬಂದೊಡನೆ ಹೊರಡುವ ಆಂಬುಲೆನ್ಸ್ ಚಾಲಕ, ತ್ರೀ ಫೇಸ್ ಕರೆಂಟ್ ಬಂತೆಂದು ಹಾಸಿಗೆಯಿಂದೆದ್ದು ಪಂಪ್‌ಸೆಟ್ ಹಾಕಲು ಕತ್ತಲಲ್ಲಿ ತೋಟಕ್ಕೆ ಹೋಗುವ ರೈತ, ಎಲ್ಲರಿಗೂ ಇದು ಅನ್ವಯಿಸುತ್ತದೆ. ಎದ್ದ ಮೊದಲ 15-20 ನಿಮಿಷದಲ್ಲಿ ದೊಡ್ಡ ನಿರ್ಧಾರ ಮಾಡಬೇಕಾಗಿ ಬಂದರೆ, ಅದನ್ನು ಇನ್ನೊಬ್ಬರಿಗೆ ಗಟ್ಟಿಯಾಗಿ ಹೇಳಿ ಸರಿಯೇ ಎಂದು ಕೇಳಿಕೊಳ್ಳುವುದು ಒಳ್ಳೆಯ ರೂಢಿ. ಆ ಇನ್ನೊಬ್ಬರು ‘ಬೇಡ ಸರ್’ ಎಂದರೆ ಕೇಳುವಂಥ ವಾತಾವರಣವೂ ಇರಬೇಕು.

ಇಲ್ಲಿಯವರೆಗೆ ಹೇಳಿದ್ದು ಒಂದು ರಾತ್ರಿಯ ಕಥೆ. ದಿನಾ ಸ್ವಲ್ಪ ಸ್ವಲ್ಪ ನಿದ್ದೆ ಕಡಿಮೆಯಾಗುವವರ ಸ್ಥಿತಿ ಬೇರೆ, ಅಂಥವರೇ ಹೆಚ್ಚು. ಅಮೆರಿಕದ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದಲ್ಲಿ ಹಾನ್ಸ್ ವ್ಯಾನ್ ಡಾಂಗೆನ್, ಡೇವಿಡ್ ಡಿಂಜಸ್ ಮತ್ತು ಸಂಗಡಿಗರು ನಡೆಸಿ 2003ರಲ್ಲಿ ಪ್ರಕಟಿಸಿದ ಪ್ರಯೋಗವನ್ನು ಓದಿದಾಗೆಲ್ಲ ನನಗೆ ದಿಗಿಲಾಗುತ್ತದೆ. ಆರೋಗ್ಯವಂತರನ್ನು ಗುಂಪು ಮಾಡಿ 14 ದಿನ ಒಂದು ಗುಂಪಿಗೆ 8 ಗಂಟೆ, ಇನ್ನೊಂದಕ್ಕೆ 6, ಮತ್ತೊಂದಕ್ಕೆ 4 ಗಂಟೆಯಷ್ಟೇ ಹಾಸಿಗೆ ಕೊಟ್ಟರು. 8 ಗಂಟೆಯವರನ್ನು ಬಿಟ್ಟು ಉಳಿದವರ ಗಮನಶಕ್ತಿ ದಿನದಿಂದ ದಿನಕ್ಕೆ ಇಳಿಯುತ್ತಲೇ ಹೋಯಿತು. ಎರಡು ವಾರ ಮುಗಿಯುವಷ್ಟರಲ್ಲಿ ಒಂದೆರಡು ರಾತ್ರಿ ಕಣ್ಣೇ ಮುಚ್ಚದವರ ಸ್ಥಿತಿಗೆ ಬಂದಿದ್ದರು. ಆದರೆ ಎಷ್ಟು ನಿದ್ದೆ ಬರುತ್ತಿದೆ ಎಂದು ಕೇಳಿದಾಗ ಅವರು ಕೊಡುತ್ತಿದ್ದ ಅಂಕ ಮೊದಲ ಕೆಲವು ದಿನ ಏರಿ ಆಮೇಲೆ ಹೆಚ್ಚುಕಡಿಮೆ ಅಲ್ಲೇ ನಿಂತಿತ್ತು. ಕೆಲಸ ಕೆಡುತ್ತಿದೆ, ಕೆಡುತ್ತಿರುವುದು ಅವರಿಗೆ ಕಾಣುತ್ತಿಲ್ಲ. ‘ನನಗೆ 5-6 ಗಂಟೆ ಸಾಕು, ಅಭ್ಯಾಸವಾಗಿಬಿಟ್ಟಿದೆ’ ಎಂದು ಆಫೀಸುಗಳಲ್ಲಿ ಹೆಮ್ಮೆಯಿಂದ ಹೇಳುವವರನ್ನು ಕಂಡಾಗ ಈ ಪ್ರಯೋಗ ನೆನಪಾಗುತ್ತದೆ. ಅಭ್ಯಾಸವಾಗಿರುವುದು ಆ ಮಂಕಿಗೆ.

ನಿದ್ದೆಗೇಡು ಕೆಲಸವನ್ನು ಒಂದೇ ಸಮನೆ ನಿಧಾನ ಮಾಡುವುದಿಲ್ಲ. ಬಹುತೇಕ ಹೊತ್ತು ಎಲ್ಲ ಸರಿಯಾಗಿಯೇ ನಡೆಯುತ್ತದೆ, ನಡುವೆ ಕೆಲವು ಸೆಕೆಂಡು ಮೆದುಳು ಕೈಬಿಡುತ್ತದೆ. ಗಂಟೆಗೆ 80 ಕಿ.ಮೀ. ವೇಗದ ಗಾಡಿ 4 ಸೆಕೆಂಡಿನಲ್ಲಿ ಸುಮಾರು 90 ಮೀಟರ್ ಹೋಗಿರುತ್ತದೆ. ಮೇಜಿನ ಮುಂದೆ ಕೂತವರಿಗೆ ಅದೇ ಗಳಿಗೆ ಎಕ್ಸೆಲ್ ಹಾಳೆಯಲ್ಲಿ ಒಂದು ಸೊನ್ನೆ ಹೆಚ್ಚಾಗಿಯೋ, ಔಷಧದ ಚೀಟಿಯಲ್ಲಿ ಬಿಂದು ತಪ್ಪಿಯೋ ಹೋಗುತ್ತದೆ. ಬಾಸ್ಟನ್ನಿನ ಬ್ರಿಗಮ್ ಆಸ್ಪತ್ರೆಯ ತೀವ್ರ ನಿಗಾ ಘಟಕಗಳಲ್ಲಿ ಇಂಟರ್ನ್ ವೈದ್ಯರ ಮೇಲೆ ನಡೆದು 2004ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, 24 ಗಂಟೆಗೂ ಮೀರಿದ ಹಳೆಯ ಡ್ಯೂಟಿ ಪದ್ಧತಿಯಲ್ಲಿ ಗಂಭೀರ ತಪ್ಪುಗಳು ಮೊಟಕು ಮಾಡಿದ ಪದ್ಧತಿಗಿಂತ ಶೇ 36ರಷ್ಟು ಹೆಚ್ಚಿದ್ದವು. ತಪ್ಪು ಮಾಡಿದವರು ದಡ್ಡರಲ್ಲ, ಜವಾಬ್ದಾರಿ ಇಲ್ಲದವರೂ ಅಲ್ಲ.

ಕೆಲಸ ಮುಗಿದ ಮೇಲಿನ ದಾರಿಯೂ ಅಷ್ಟೇ ಅಪಾಯದ್ದು. 2016ರಲ್ಲಿ ಪ್ರಕಟವಾದ ಇನ್ನೊಂದು ಅಮೆರಿಕನ್ ಪ್ರಯೋಗದಲ್ಲಿ ರಾತ್ರಿ ಪಾಳಿಯ 16 ಮಂದಿಗೆ ಮುಚ್ಚಿದ ಟ್ರ್ಯಾಕ್‌ನಲ್ಲಿ 2 ಗಂಟೆ ಕಾರು ಓಡಿಸಲು ಹೇಳಿದರು, ಒಮ್ಮೆ ರಾತ್ರಿ ನಿದ್ದೆ ಮಾಡಿದ ಮೇಲೆ, ಒಮ್ಮೆ ಪಾಳಿ ಮುಗಿಸಿದ ಮೇಲೆ. ನಿದ್ದೆ ಮಾಡಿ ಬಂದಾಗ ಯಾರಿಗೂ ಏನೂ ಆಗಲಿಲ್ಲ. ಪಾಳಿ ಮುಗಿಸಿ ಬಂದಾಗ 16ರಲ್ಲಿ 6 ಮಂದಿ ಅಪಘಾತದ ಅಂಚಿಗೆ ಹೋದರು, 7 ಮಂದಿಯ ಓಟವನ್ನು ಸುರಕ್ಷತೆಗಾಗಿ ನಡುವೆಯೇ ನಿಲ್ಲಿಸಬೇಕಾಯಿತು. ಬೆಂಗಳೂರಿನ ಔಟರ್ ರಿಂಗ್ ರೋಡಿನಲ್ಲಿ, ಎಲೆಕ್ಟ್ರಾನಿಕ್ ಸಿಟಿಯ ಕಡೆ ನಸುಕಿನಲ್ಲಿ ಬೈಕಿನ ಮೇಲೆ ಮನೆಗೆ ಹೊರಟವರಿಗೆ ಟ್ರ್ಯಾಕ್‌ನ ತಡೆಬೇಲಿಯೂ ಇಲ್ಲ, ಪಕ್ಕದಲ್ಲಿ ಬ್ರೇಕ್ ಹಾಕುವವರೂ ಇಲ್ಲ. ಕಂಪನಿಯ ಕ್ಯಾಬ್ ಇದ್ದರೆ ಅದರಲ್ಲೇ ಹೋಗಿ. ಕ್ಯಾಬ್ ಓಡಿಸುವವರೂ ರಾತ್ರಿಯೆಲ್ಲ ಎಚ್ಚರವಿದ್ದವರೇ ಎಂಬುದನ್ನು ಸಾರಿಗೆ ವಿಭಾಗದವರು ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ಹಗಲು ನಿದ್ದೆಯನ್ನು ಕಾಪಾಡುವುದು

ಬೆಳಿಗ್ಗೆ 8ಕ್ಕೆ ಡ್ಯೂಟಿ ಮುಗಿಸಿ ಬಂದು 9ಕ್ಕೆ ಮಲಗಿದವರಿಗೆ ಮೊದಲಿಗೆ ನಿದ್ದೆ ಚೆನ್ನಾಗಿಯೇ ಹತ್ತುತ್ತದೆ, ಹೊರೆ ಅಷ್ಟಿರುತ್ತದೆ. ಆದರೆ ಮೈಯ ಗಡಿಯಾರ ಆಗಲೇ ಹಗಲಿನ ಕಡೆಗೆ ಹೊರಳಿದೆ. ಹೊರೆ ಒಂದಿಷ್ಟು ಇಳಿದೊಡನೆ, ಮಧ್ಯಾಹ್ನ 1-2ರ ಹೊತ್ತಿಗೆ, ಎಚ್ಚರವಾಗಿಬಿಡುತ್ತದೆ. ವರ್ಷಗಟ್ಟಲೆ ರಾತ್ರಿ ಕೆಲಸ ಮಾಡಿದರೂ ಬಹುತೇಕರ ಗಡಿಯಾರ ಪೂರ್ತಿ ತಿರುಗಿ ಕೂರುವುದಿಲ್ಲ, ಏಕೆಂದರೆ ಮನೆಗೆ ಬರುವ ದಾರಿಯ ಬಿಸಿಲು ಮತ್ತು ವಾರದ ರಜೆ ಅದನ್ನು ಮತ್ತೆ ಮತ್ತೆ ಹಗಲಿಗೆ ಎಳೆಯುತ್ತವೆ.

ಇದರ ಮೇಲೆ ಮನೆಯ ಸದ್ದು. ಕುಕ್ಕರ್ ಕೂಗು, ಸಿಲಿಂಡರ್‌ನವರು, ಕೊರಿಯರ್‌ನವರು, ತರಕಾರಿ ಗಾಡಿಯ ಮೈಕು. ಹೆಣ್ಣುಮಕ್ಕಳಿಗೆ ಇನ್ನೊಂದು ಪಾಳಿ ಮನೆಯಲ್ಲೇ ಕಾದಿರುತ್ತದೆ: ರಾತ್ರಿಯಿಡೀ ವಾರ್ಡಿನಲ್ಲಿ ಓಡಾಡಿ ಬಂದವರು ಮಕ್ಕಳ ಡಬ್ಬಿ ಕಟ್ಟಿ, ಬಟ್ಟೆ ನೆನೆಸಿ, 11ಕ್ಕೆ ಮಲಗಿದರೆ, ‘ಇಷ್ಟೊತ್ತಿಗೆ ಮಲಗಿದ್ದಾಳಾ’ ಎಂಬ ಮಾತು ಹಜಾರದಿಂದ ಕೇಳಿಬರುತ್ತದೆ. ಆ ಮಾತನ್ನು ಯಾರೂ ಆಡಬಾರದು. ಹಗಲು 11 ಗಂಟೆ ಅವರಿಗೆ ನಡುರಾತ್ರಿ. ನಡುರಾತ್ರಿಯಲ್ಲಿ ನಿಮ್ಮ ಬಾಗಿಲು ಬಡಿದು ಎಬ್ಬಿಸಿದರೆ ಹೇಗಿರುತ್ತದೋ ಹಾಗೆಯೇ ಅವರಿಗೂ. ಒಂದು ಕೋಣೆ, ಗಾಢ ಬಣ್ಣದ ದಪ್ಪ ಪರದೆ, ಸದ್ದನ್ನು ಮುಚ್ಚಲು ಫ್ಯಾನು, ಬಾಗಿಲ ಗಂಟೆಗೆ ಬಿಡುವು, ಫೋನ್ ಇನ್ನೊಂದು ಕೋಣೆಯಲ್ಲಿ. ಇಷ್ಟನ್ನು ಮನೆಯವರೆಲ್ಲ ಸೇರಿ ಮಾಡಿಕೊಟ್ಟರೆ ನಿದ್ದೆ ಒಂದು ಗಂಟೆ ಬೆಳೆಯಬಹುದು, ಆ ಒಂದು ಗಂಟೆಗೆ ಬಹಳ ಬೆಲೆಯಿದೆ.

ಮನೆಗೆ ಬರುವಾಗ ತಂಪು ಕನ್ನಡಕ ಹಾಕಿಕೊಂಡರೆ ಬೆಳಗಿನ ಬಿಸಿಲು ಗಡಿಯಾರವನ್ನು ಎಬ್ಬಿಸುವುದು ಕಡಿಮೆಯಾಗುತ್ತದೆ. ಆದರೆ ನೀವೇ ಗಾಡಿ ಓಡಿಸುತ್ತಿದ್ದು ತೂಕಡಿಕೆ ಇದ್ದರೆ ಅದು ಬೇಡ. 5 ಗಂಟೆಯಷ್ಟೇ ನಿದ್ದೆ ಬಂದಿತೆಂದಾದರೆ ಚಿಂತಿಸುತ್ತಾ ಹೊರಳಾಡದೆ ಎದ್ದು, ಸಂಜೆ ಡ್ಯೂಟಿಗೆ ಹೊರಡುವ ಮುನ್ನ ಮತ್ತೆ ಒಂದೂವರೆ ಗಂಟೆ ಮಲಗಿ. ನಿದ್ದೆಯ ಒಂದು ಸುತ್ತು ಸರಾಸರಿ 90 ನಿಮಿಷ, ಅಷ್ಟು ಸಿಕ್ಕರೆ ರಾತ್ರಿಯ ಹೊರೆ ತಡವಾಗಿ ಏರುತ್ತದೆ. ಕಾಫಿಯನ್ನು ಪಾಳಿಯ ಮೊದಲರ್ಧದಲ್ಲಿ ಮುಗಿಸಿ. ಕುಡಿದ ಕೆಫೀನ್‌ನ ಅರ್ಧ ಭಾಗ ಸುಮಾರು 5 ಗಂಟೆಯ ಮೇಲೂ ಮೈಯಲ್ಲಿರುತ್ತದೆ. ನಸುಕಿನ 5ರ ಕಾಫಿ 10ರ ನಿದ್ದೆಯನ್ನು ತಿನ್ನುತ್ತದೆ.

ಪಾಳಿಯ ನಡುವೆ ಸಿಗುವ ಕಿರುನಿದ್ದೆಯ ಬಗ್ಗೆ ನಮ್ಮ ಕಚೇರಿಗಳಲ್ಲಿ ಇನ್ನೂ ಮುಜುಗರವಿದೆ. ದೂರದ ವಿಮಾನಗಳ ಪೈಲಟ್‌ಗಳ ಮೇಲೆ ನಾಸಾ ಮಾಡಿದ ಅಧ್ಯಯನದಲ್ಲಿ, 40 ನಿಮಿಷದ ಬಿಡುವಿನಲ್ಲಿ ಸರಾಸರಿ 26 ನಿಮಿಷ ನಿದ್ದೆ ಮಾಡಿದವರ ಕೆಲಸದ ಗುಣಮಟ್ಟ ಶೇ 34ರಷ್ಟು, ಎಚ್ಚರ ಶೇ 54ರಷ್ಟು ಉತ್ತಮವಾಗಿತ್ತು. ಮಂಗಳೂರಿನ ಕಾಕ್‌ಪಿಟ್‌ನ ದೀರ್ಘ ನಿದ್ದೆಗೂ ಇದಕ್ಕೂ ಇರುವ ವ್ಯತ್ಯಾಸ ಮುಖ್ಯ: ಇದು ಮೊದಲೇ ಗೊತ್ತುಮಾಡಿದ್ದು, ಗಾಢನಿದ್ದೆಗೆ ಇಳಿಯುವಷ್ಟು ಉದ್ದವಿಲ್ಲದ್ದು, ಎದ್ದ ಮೇಲೆ ಸುಧಾರಿಸಿಕೊಳ್ಳಲು ಸಮಯ ಉಳಿಸಿದ್ದು. ರಾತ್ರಿ 2ರ ಸುಮಾರಿಗೆ ಒಬ್ಬರು ನೋಡಿಕೊಳ್ಳುತ್ತಿರುವಾಗ ಇನ್ನೊಬ್ಬರು 20 ನಿಮಿಷ ಕಣ್ಣು ಮುಚ್ಚಲು ಒಂದು ಕುರ್ಚಿ, ಒಂದು ಮಂದಬೆಳಕಿನ ಮೂಲೆ ಸಾಕು. ಮಲಗುವ ಮುಂಚೆ ಒಂದು ಲೋಟ ಕಾಫಿ ಕುಡಿದರೆ, ಏಳುವ ಹೊತ್ತಿಗೆ ಅದು ಕೆಲಸ ಶುರುಮಾಡಿರುತ್ತದೆ.

ಪಟ್ಟಿ ಬರೆಯುವವರ ಕೈಯಲ್ಲಿರುವುದು

ಇಷ್ಟೆಲ್ಲ ಮಾಡಿದರೂ ಪಾಳಿಪಟ್ಟಿ ಕೆಟ್ಟದಾಗಿದ್ದರೆ ಪ್ರಯೋಜನವಿಲ್ಲ. ಕಾರ್ಖಾನೆಯ ಲೆಕ್ಕವನ್ನೇ ನೋಡಿ. ಸೆಕೆಂಡ್ ಶಿಫ್ಟ್ ಮುಗಿಯುವುದು ರಾತ್ರಿ 10ಕ್ಕೆ, ಫಸ್ಟ್ ಶಿಫ್ಟ್ ಶುರುವಾಗುವುದು ಬೆಳಿಗ್ಗೆ 6ಕ್ಕೆ. ಇವತ್ತು ಸೆಕೆಂಡ್ ಮಾಡಿದವರನ್ನು ನಾಳೆ ಫಸ್ಟ್‌ಗೆ ಹಾಕಿದರೆ ಕಾಗದದ ಮೇಲೆ 8 ಗಂಟೆ ಬಿಡುವು. ಹೋಗಿ ಬರಲು ಒಂದೊಂದು ಗಂಟೆ, ಊಟ-ಸ್ನಾನ ಕಳೆದರೆ ಉಳಿಯುವುದು 4-5 ಗಂಟೆ. ಯುರೋಪಿನ ಒಕ್ಕೂಟ ಎರಡು ಕೆಲಸದ ದಿನಗಳ ನಡುವೆ 11 ಗಂಟೆಯ ವಿಶ್ರಾಂತಿ ಇರಲೇಬೇಕೆಂದು ನಿಯಮ ಮಾಡಿದೆ. ಅಷ್ಟನ್ನು ನಾವೂ ಪಾಲಿಸಿದರೆ ಈ ಬಗೆಯ ಅದಲುಬದಲು ತಾನೇ ನಿಲ್ಲುತ್ತದೆ.

ಇನ್ನು ಪಾಳಿ ತಿರುಗುವ ದಿಕ್ಕು. ಮೈಯ ಗಡಿಯಾರ 24 ಗಂಟೆಗಿಂತ ತುಸು ಉದ್ದವಾದ್ದರಿಂದ ನಮಗೆ ತಡವಾಗಿ ಮಲಗುವುದು ಸುಲಭ, ಬೇಗ ಮಲಗುವುದು ಕಷ್ಟ. ಆದ್ದರಿಂದ ಬೆಳಿಗ್ಗೆ, ಮಧ್ಯಾಹ್ನ, ರಾತ್ರಿ ಎಂಬ ಕ್ರಮದಲ್ಲಿ ಮುಂದಕ್ಕೆ ತಿರುಗುವ ಪಾಳಿ ಮೈಗೆ ಹಗುರ, ಹಿಂದಕ್ಕೆ ತಿರುಗುವುದು ಭಾರ. ಅಮೆರಿಕದ ಯೂಟಾದಲ್ಲಿ ಖನಿಜ ಕಂಪನಿಯೊಂದರ ಕಾರ್ಮಿಕರ ಪಾಳಿಯನ್ನು ಚಾರ್ಲ್ಸ್ ಝೈಸ್ಲರ್ ತಂಡ ಹೀಗೆ ಮುಂದಕ್ಕೆ ತಿರುಗಿಸಿ, ವಾರಕ್ಕೊಮ್ಮೆ ಬದಲಾಗುತ್ತಿದ್ದುದನ್ನು 21 ದಿನಕ್ಕೊಮ್ಮೆ ಮಾಡಿತು. ಕಾರ್ಮಿಕರ ಸಮಾಧಾನ, ಆರೋಗ್ಯ, ಉತ್ಪಾದನೆ ಮೂರೂ ಸುಧಾರಿಸಿದ್ದನ್ನು 1982ರಲ್ಲಿ ವರದಿ ಮಾಡಿತು. ಇದಕ್ಕೆ ಖರ್ಚೇನೂ ಇಲ್ಲ, ಪಟ್ಟಿಯ ಕಂಬಸಾಲುಗಳನ್ನು ಬದಲಿಸಿದರಾಯಿತು. ನಮ್ಮ ವಿಮಾನಯಾನದಲ್ಲಿ ನಿಯಂತ್ರಕ ಸಂಸ್ಥೆಯಾದ ಡಿಜಿಸಿಎ 2024ರ ಜನವರಿಯಲ್ಲಿ ಪೈಲಟ್‌ಗಳ ವಾರದ ವಿಶ್ರಾಂತಿಯನ್ನು 36ರಿಂದ 48 ಗಂಟೆಗೆ ಏರಿಸುವ ನಿಯಮ ಪ್ರಕಟಿಸಿತು, ‘ರಾತ್ರಿ’ ಎಂಬುದನ್ನು ಬೆಳಿಗ್ಗೆ 6ರವರೆಗೆ ವಿಸ್ತರಿಸಿತು. ನಸುಕಿನ ಆ ಒಂದು ಗಂಟೆಯನ್ನು ಸೇರಿಸಿದ್ದರ ಹಿಂದೆ ಇರುವುದು ಇದೇ ಗಡಿಯಾರದ ತಿಳಿವಳಿಕೆ. ರಾತ್ರಿ ಬಸ್ಸಿನ ಚಾಲಕರಿಗೆ, ನರ್ಸ್‌ಗಳಿಗೆ, ಸೆಕ್ಯುರಿಟಿಯವರಿಗೆ ಇಷ್ಟು ಎಚ್ಚರಿಕೆಯ ಲೆಕ್ಕ ಏಕೆ ಇರಬಾರದು? ಅವರ ಕೈಯಲ್ಲೂ ಜೀವಗಳಿವೆ.

ನಿದ್ದೆಯೇ ರೋಗವಾದಾಗ

ಕೆಲವರಿಗೆ ಸಮಯವೂ ಇದೆ, ಕತ್ತಲ ಕೋಣೆಯೂ ಇದೆ, ಆದರೂ ನಿದ್ದೆ ಸರಿಯಿಲ್ಲ. ಜೋರಾಗಿ ಗೊರಕೆ ಹೊಡೆಯುವವರು, ಗೊರಕೆ ನಡುವೆ ಉಸಿರು ಕಟ್ಟಿದಂತಾಗಿ ಬೆಚ್ಚುವವರು, ಬೆಳಿಗ್ಗೆ ತಲೆನೋವಿನೊಂದಿಗೆ ಏಳುವವರು ಸ್ಲೀಪ್ ಆಪ್ನಿಯಾ ಇದೆಯೇ ಎಂದು ನೋಡಿಸಿಕೊಳ್ಳಲೇಬೇಕು. ಇದರಲ್ಲಿ ಗಂಟಲ ದಾರಿ ಕುಸಿದು ಉಸಿರು 10 ಸೆಕೆಂಡಾದರೂ ನಿಲ್ಲುತ್ತದೆ, ಗಂಟೆಗೆ 30ಕ್ಕಿಂತ ಹೆಚ್ಚು ಬಾರಿ ಹಾಗಾದರೆ ತೀವ್ರ ಎನ್ನುತ್ತಾರೆ. ಪ್ರತಿ ಬಾರಿಯೂ ಮೆದುಳು ಅರೆ ಎಚ್ಚರವಾಗಿ ಉಸಿರೆಳೆಸುತ್ತದೆ, ಮಲಗಿದವರಿಗೆ ಮಾತ್ರ ಏನೂ ನೆನಪಿರುವುದಿಲ್ಲ. 8 ಗಂಟೆ ಮಲಗಿದರೂ ದಣಿವು ಹೋಗದಿರುವುದಕ್ಕೆ ಇದೇ ಕಾರಣ. ಪಕ್ಕದಲ್ಲಿ ಮಲಗುವವರ ಮಾತನ್ನು ಇಲ್ಲಿ ನಂಬಬೇಕು, ಮೊಬೈಲಿನಲ್ಲಿ ಗೊರಕೆಯನ್ನು ಮುದ್ರಿಸಿಕೊಂಡು ಹೋದರೆ ವೈದ್ಯರಿಗೆ ಇನ್ನೂ ಅನುಕೂಲ. ಚಿಕಿತ್ಸೆಯಾದ ಸಿಪ್ಯಾಪ್ ಯಂತ್ರವನ್ನು ಸಿಡ್ನಿಯ ಕಾಲಿನ್ ಸುಲಿವನ್ 1981ರಲ್ಲೇ ತೋರಿಸಿಕೊಟ್ಟರು. ಮೂಗಿನ ಮೂಲಕ ಗಾಳಿಯ ಒತ್ತಡ ಕೊಟ್ಟು ಗಂಟಲನ್ನು ತೆರೆದಿಡುವ ಸರಳ ಉಪಾಯ ಅದು. ಅಮೆರಿಕದ ಲಾರಿ ಚಾಲಕರ ಅಧ್ಯಯನವೊಂದರಲ್ಲಿ, ಆಪ್ನಿಯಾ ಇದ್ದೂ ಚಿಕಿತ್ಸೆ ಪಾಲಿಸದವರಿಂದ ತಪ್ಪಿಸಬಹುದಾಗಿದ್ದ ಗಂಭೀರ ಅಪಘಾತಗಳು 5 ಪಟ್ಟು ಹೆಚ್ಚಿದ್ದವು. ಕೆಲಸ ಹೋದೀತೆಂದು ಚಾಲಕರು ಗೊರಕೆಯನ್ನು ಮುಚ್ಚಿಡುವಂತಾಗಬಾರದು. ಪರೀಕ್ಷೆ ಮಾಡಿಸಿ, ಚಿಕಿತ್ಸೆ ಕೊಡಿಸಿ, ಮತ್ತೆ ಗಾಡಿ ಕೊಡುವ ಮಾಲೀಕರೇ ಜಾಣರು.

ವಾರಕ್ಕೆ 3 ರಾತ್ರಿಯಂತೆ 3 ತಿಂಗಳು ನಿದ್ದೆ ಬಾರದಿದ್ದರೆ ಅದನ್ನು ದೀರ್ಘಕಾಲದ ನಿದ್ರಾಹೀನತೆ ಎನ್ನುತ್ತಾರೆ. ಮೆಡಿಕಲ್ ಅಂಗಡಿಯಲ್ಲಿ ಕೇಳಿ ಅಲ್ಪ್ರಾಜೋಲಾಮ್ ತರುವುದು ಇದಕ್ಕೆ ಉತ್ತರವಲ್ಲ. ಅದು ಶೆಡ್ಯೂಲ್ ಎಚ್1ರ ಔಷಧ, ಚೀಟಿ ಇಲ್ಲದೆ ಕೊಡುವಂತಿಲ್ಲ, ಚಟವಾಗುತ್ತದೆ, ಮರುದಿನದ ಎಚ್ಚರವನ್ನೂ ಕುಗ್ಗಿಸುತ್ತದೆ. ಮದ್ಯ ಬೇಗ ಮಲಗಿಸಿ ರಾತ್ರಿಯ ಎರಡನೇ ಭಾಗವನ್ನು ಚೂರುಚೂರು ಮಾಡುತ್ತದೆ, ಆಪ್ನಿಯಾವನ್ನು ಹೆಚ್ಚಿಸುತ್ತದೆ. ಅಮೆರಿಕನ್ ವೈದ್ಯರ ಕಾಲೇಜು 2016ರಲ್ಲಿ ಮೊದಲ ಚಿಕಿತ್ಸೆಯಾಗಿ ಶಿಫಾರಸು ಮಾಡಿದ್ದು ವರ್ತನಾ ಚಿಕಿತ್ಸೆಯನ್ನು. ನಿದ್ದೆ ಬಂದಾಗಷ್ಟೇ ಹಾಸಿಗೆಗೆ ಹೋಗುವುದು, 20 ನಿಮಿಷದಲ್ಲಿ ಬಾರದಿದ್ದರೆ ಎದ್ದು ಬೇರೆ ಕಡೆ ಕೂರುವುದು, ಏಳುವ ಹೊತ್ತನ್ನು ಬದಲಿಸದಿರುವುದು, ಹಾಸಿಗೆಯಲ್ಲಿರುವ ಗಂಟೆಗಳನ್ನು ಕೆಲವು ವಾರ ಕಡಿಮೆ ಮಾಡುವುದು ಅದರ ಮುಖ್ಯ ಭಾಗಗಳು. ಕೊನೆಯದನ್ನು ಗಾಡಿ, ಯಂತ್ರ ನಡೆಸುವವರು ವೈದ್ಯರ ನಿಗಾದಲ್ಲೇ ಮಾಡಬೇಕು, ಮೊದಲ ದಿನಗಳಲ್ಲಿ ತೂಕಡಿಕೆ ಹೆಚ್ಚುತ್ತದೆ. ಮಲಗಿದೊಡನೆ ಕಾಲು ಹರಿದಾಡಿದಂತಾಗಿ ಅಲ್ಲಾಡಿಸಲೇಬೇಕೆನಿಸುವವರು, ಮುಖ್ಯವಾಗಿ ಹೆಂಗಸರು, ರಕ್ತದಲ್ಲಿ ಫೆರಿಟಿನ್ ಪರೀಕ್ಷೆ ಮಾಡಿಸಿ. ಕಬ್ಬಿಣದ ಕೊರತೆ ಇದಕ್ಕೆ ಸಾಮಾನ್ಯ ಕಾರಣ, ಅದನ್ನು ತುಂಬಿದರೆ ಎಷ್ಟೋ ಜನರಿಗೆ ನಿದ್ದೆ ಮರಳುತ್ತದೆ.

ವೈದ್ಯರ ಬಳಿ ಹೋಗುವ ಮುನ್ನ ಎಪ್ವರ್ತ್ ಪ್ರಶ್ನಾವಳಿಯನ್ನು ಒಮ್ಮೆ ತುಂಬಿ ನೋಡಿ. ಮೆಲ್ಬೋರ್ನಿನ ಮರ್ರೆ ಜಾನ್ಸ್ 1991ರಲ್ಲಿ ರೂಪಿಸಿದ ಇದರಲ್ಲಿ ಓದುವಾಗ, ಟಿವಿ ನೋಡುವಾಗ, ಕಾರಿನಲ್ಲಿ ಪ್ರಯಾಣಿಕರಾಗಿ ಕೂತಾಗ ಎಂಬಂಥ 8 ಸಂದರ್ಭಗಳಿವೆ. ಜೊಂಪು ಹತ್ತುವ ಸಾಧ್ಯತೆಗೆ 0ಯಿಂದ 3 ಅಂಕ, ಒಟ್ಟು 10 ದಾಟಿದರೆ ನೋಡಿಸಿಕೊಳ್ಳಬೇಕು. ನಮ್ಮ ಅಂದಾಜು ನಂಬತಕ್ಕದ್ದಲ್ಲವಾದ್ದರಿಂದ ಮನೆಯವರನ್ನೂ ಕೇಳಿ ತುಂಬುವುದು ಮೇಲು. ಎರಡು ವಾರ ಮಲಗಿದ್ದು, ಎದ್ದಿದ್ದು, ನಡುವೆ ಎಚ್ಚರವಾದದ್ದು, ಕುಡಿದ ಕಾಫಿ-ಟೀ, ಡ್ಯೂಟಿಯ ಹೊತ್ತು ಇವನ್ನು ಒಂದು ಪುಸ್ತಕದಲ್ಲಿ ದಿನವೂ ಬರೆಯಿರಿ. ನಿಮ್ಹಾನ್ಸ್‌ನಂಥ ದೊಡ್ಡ ಆಸ್ಪತ್ರೆಗಳಲ್ಲಿ ನಿದ್ರಾ ಪ್ರಯೋಗಾಲಯಗಳಿವೆ, ಊರಿನ ವೈದ್ಯರು ಅಗತ್ಯವಿದ್ದರೆ ಅಲ್ಲಿಗೆ ಕಳುಹಿಸುತ್ತಾರೆ. ಹೋಗುವಾಗ ಕಳೆದ ಎರಡು ತಿಂಗಳ ಪಾಳಿಪಟ್ಟಿಯ ಪ್ರತಿಯನ್ನೂ ಒಯ್ಯಿರಿ, ಅದನ್ನು ನೋಡದೆ ಪಾಳಿಯವರ ನಿದ್ದೆಗೆ ಔಷಧ ಬರೆಯುವುದು ವೈದ್ಯರಿಗೂ ಕಷ್ಟ.